ಸರ್ವೀಸ್ ಸೊರೊರಿಟಿ: ಸೇರುವ ಮೊದಲು ಏನು ವಿಚಾರಿಸಬೇಕು, ಕೆಲಸ ಎಲ್ಲಿ ಕೆಡುತ್ತದೆ?

ಕೊಡಗಿನಮಳೆ
ಆಗಸ್ಟ್ ಕೊನೆಗೆ ಅಮೆರಿಕದ ಕಾಲೇಜುಗಳಲ್ಲಿ ಸಂಘಗಳ ಜಾತ್ರೆ ನಡೆಯುತ್ತದೆ. ಮೇಜಿಗೊಂದು ಗ್ರೀಕ್ ಅಕ್ಷರದ ಬ್ಯಾನರು, ಅದರ ಹಿಂದೆ ಕೈಬೀಸಿ ಕರೆಯುವ ನಾಲ್ಕು ಹುಡುಗಿಯರು. ಇಲ್ಲಿಂದ ಹೋದವರಿಗೆ ಸೊರೊರಿಟಿ (ಗ್ರೀಕ್ ಅಕ್ಷರದ ಹೆಸರಿನ ವಿದ್ಯಾರ್ಥಿನಿಯರ ಸಂಘ) ಎಂದರೆ ದೊಡ್ಡ ಬಂಗಲೆ, ಪಾರ್ಟಿ, ಒಂದೇ ಬಣ್ಣದ ಬಟ್ಟೆ, ಅಷ್ಟೇ ಗೊತ್ತು. ಆದರೆ ಸಮಾಜಸೇವೆಗೆಂದೇ ಇರುವ ಸೊರೊರಿಟಿಗಳೂ ಇವೆಯಂತೆ. ತಿಳಿದವರು ಹೇಳಿ: ಇವು ಉಳಿದವಕ್ಕಿಂತ ಹೇಗೆ ಬೇರೆ? ಸೇರುವ ಮೊದಲು ಏನು ಕೇಳಬೇಕು? ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ತೊಡಕಿದೆಯೇ? ನಿಜಕ್ಕೂ ಏನು ಕೆಲಸ ಮಾಡುತ್ತಾರೆ? "ಒಳ್ಳೆಯ ಅನುಭವ, ಸೇರಿ" ಎಂಬ ಉತ್ತರ ಬೇಡ, ಅದು ಎಲ್ಲ ಬ್ಯಾನರಿನ ಮೇಲೂ ಇರುತ್ತದೆ.

ಹಳೇಬೇರು
ಮೂರು ಬಗೆಯನ್ನು ಮೊದಲು ಬೇರೆ ಮಾಡಿಕೊಳ್ಳಿ. ಇಲ್ಲದಿದ್ದರೆ ಗ್ರೀಕ್ ಅಕ್ಷರಗಳೆಲ್ಲ ಒಂದೇ ಥರ ಕಾಣುತ್ತವೆ.

ಬಂಗಲೆಯದು ಸೋಶಿಯಲ್ ಸೊರೊರಿಟಿ. ಅಲ್ಲಿ ಗೆಳೆತನ, ವಾಸ, ಹಬ್ಬ ಮೊದಲು. ಸೇವೆಯೂ ಇದೆ, ಆದರೆ ಬಹುಪಾಲು ಅದು ಹಣ ಎತ್ತಿ ಗೊತ್ತಾದ ಒಂದು ಸಂಸ್ಥೆಗೆ ಕಳಿಸುವ ರೂಪದಲ್ಲಿ. ಅದನ್ನು ಅವರು ಫಿಲಾಂತ್ರಪಿ ಎನ್ನುತ್ತಾರೆ, ಸರ್ವೀಸ್ ಎನ್ನುವುದಿಲ್ಲ. ಈ ಎರಡು ಪದಗಳ ವ್ಯತ್ಯಾಸ ನೆನಪಿಟ್ಟುಕೊಂಡರೆ ಜಾತ್ರೆಯಲ್ಲಿ ಅರ್ಧ ಗೊಂದಲ ಕಳೆಯಿತು.

ಸರ್ವೀಸ್ ಸೊರೊರಿಟಿಯಲ್ಲಿ ಕೈಕೆಲಸದ ಗಂಟೆಗಳೇ ಸದಸ್ಯತ್ವದ ಅಳತೆ. ರಾಷ್ಟ್ರಮಟ್ಟದಲ್ಲಿ ಹೆಸರಾದವು ಎರಡು. ಗಾಮಾ ಸಿಗ್ಮಾ ಸಿಗ್ಮಾ 1952ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ್ದು, ಹಲವು ಕಾಲೇಜುಗಳ ಪ್ರತಿನಿಧಿಗಳು ಸೇರಿ ಕಟ್ಟಿದ್ದು. ಒಮೇಗಾ ಫೈ ಆಲ್ಫಾ 1967ರಲ್ಲಿ ಓಹಾಯೋದ ಬೌಲಿಂಗ್ ಗ್ರೀನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಶುರುವಾಯಿತು. ಇವರಿಗೆ ಸಾಮಾನ್ಯವಾಗಿ ಬಂಗಲೆ ಇಲ್ಲ. ಕ್ಯಾಂಪಸ್ಸಿನ ತರಗತಿ ಕೋಣೆಯಲ್ಲಿ ವಾರಕ್ಕೊಮ್ಮೆ ಸಭೆ, ವಾರಾಂತ್ಯದಲ್ಲಿ ಕೆಲಸ. ಸೋಶಿಯಲ್ ಸೊರೊರಿಟಿಯಲ್ಲಿ ಇರುವವರೂ ಇದಕ್ಕೆ ಸೇರಬಹುದು, ಒಂದಕ್ಕೊಂದು ಅಡ್ಡಿಯಿಲ್ಲ.

ಮೂರನೆಯದು ಕಪ್ಪು ಮಹಿಳೆಯರು ಕಟ್ಟಿದ ನಾಲ್ಕು ಸಂಸ್ಥೆಗಳು: ಆಲ್ಫಾ ಕಪ್ಪಾ ಆಲ್ಫಾ (1908), ಡೆಲ್ಟಾ ಸಿಗ್ಮಾ ಥೀಟಾ (1913), ಜೀಟಾ ಫೈ ಬೀಟಾ (1920), ಸಿಗ್ಮಾ ಗಾಮಾ ರೋ (1922). ಮೊದಲ ಮೂರೂ ವಾಷಿಂಗ್ಟನ್ನಿನ ಹೋವರ್ಡ್ ಯೂನಿವರ್ಸಿಟಿಯಲ್ಲಿ, ಕೊನೆಯದು ಇಂಡಿಯಾನಾಪೊಲಿಸ್‌ನಲ್ಲಿ ಏಳು ಮಂದಿ ಶಿಕ್ಷಕಿಯರಿಂದ. ಇಲ್ಲಿ ಸದಸ್ಯತ್ವ ಪದವಿಯೊಂದಿಗೆ ಮುಗಿಯುವುದಿಲ್ಲ. ಪದವೀಧರರ ಶಾಖೆಗಳೇ ಊರೂರಲ್ಲಿ ಇವೆ, ನಿಜವಾದ ಸೇವೆಯ ತೂಕ ಅಲ್ಲಿದೆ.

ಪದಕುತೂಹಲಿ
ಚಿಕ್ಕದೊಂದು ಸೇರ್ಪಡೆ. ಸೊರೊರಿಟಿ ಬಂದದ್ದು ಲ್ಯಾಟಿನ್ನಿನ "ಸೊರೊರ್" ಎಂಬುದರಿಂದ, ಅಕ್ಕ-ತಂಗಿ ಎಂದರ್ಥ. ನಮ್ಮ "ಸೋದರಿ"ಯ ಹತ್ತಿರ ಕೇಳಿಸುತ್ತದೆ, ಆದರೆ ನೆಂಟಸ್ತಿಕೆ ಇಲ್ಲ. ಸೋದರಿ "ಸಹೋದರ"ದ ಕಡೆಯದು, ಒಂದೇ ಉದರದವಳು. ಸೊರೊರ್‌ಗೆ ನಿಜವಾದ ರಕ್ತಸಂಬಂಧಿ ಸಂಸ್ಕೃತದ "ಸ್ವಸೃ". ಈಗ ಮುಂದುವರಿಸಿ.

ಎನ್ನೆಸ್ಸೆಸ್_ಬ್ಯಾಡ್ಜು
ನಮ್ಮ ಎನ್‌ಎಸ್‌ಎಸ್ ಗೊತ್ತಿರುವವರಿಗೆ ಹೋಲಿಸಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಎನ್‌ಎಸ್‌ಎಸ್ ಸರ್ಕಾರದ್ದು, 1969ರ ಸೆಪ್ಟೆಂಬರ್ 24ರಂದು ಗಾಂಧಿ ಶತಮಾನೋತ್ಸವದ ವರ್ಷ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾಯಿತು. ಮೇಲೆ ಕಾರ್ಯಕ್ರಮಾಧಿಕಾರಿಯಾಗಿ ಒಬ್ಬ ಅಧ್ಯಾಪಕರು, ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240, ಜೊತೆಗೆ ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ. ಖರ್ಚಿಗೆ ಅನುದಾನ ಬರುತ್ತದೆ, ಪ್ರಮಾಣಪತ್ರ ಬರುತ್ತದೆ.

ಸರ್ವೀಸ್ ಸೊರೊರಿಟಿಯಲ್ಲಿ ಇದು ತಿರುವುಮುರುವು. ಅಧ್ಯಾಪಕರು ಸಲಹೆಗಾರರು ಮಾತ್ರ. ಕೆಲಸ ಹುಡುಕುವುದು, ಸಂಸ್ಥೆಗಳ ಜೊತೆ ಮಾತಾಡುವುದು, ಹಣ, ಲೆಕ್ಕ, ಶಿಸ್ತು ಎಲ್ಲವೂ 19-20 ವರ್ಷದ ವಿದ್ಯಾರ್ಥಿನಿಯರದೇ. ಚಂದಾ ಕೈಯಿಂದ ಕಟ್ಟಬೇಕು. ಅದಕ್ಕೇ ಅಲ್ಲಿ ಕಲಿಯುವುದು ಹೆಚ್ಚು, ಕೆಡುವುದೂ ಹೆಚ್ಚು.

ಕೊಡಗಿನಮಳೆ
ಗಂಟೆ ಎಷ್ಟು? ಎಲ್ಲ ಶಾಖೆಗೂ ಒಂದೇ ಲೆಕ್ಕವೇ?

ಹಳೇಬೇರು
ಶಾಖೆಯ ಬೈಲಾ ನೋಡಿಯೇ ಹೇಳಬೇಕು. ಸಂಖ್ಯೆಗಿಂತ ಹಂಚಿಕೆ ಮುಖ್ಯ. ಒಮೇಗಾ ಫೈ ಆಲ್ಫಾದಲ್ಲಿ ಸೇವೆಗೆ ಆರು ಕ್ಷೇತ್ರಗಳಿವೆ: ಕಾಲೇಜು, ಊರು, ಸಂಘದ ಸದಸ್ಯೆಯರು, ಜಗತ್ತಿನ ದೇಶಗಳು, ಕಾಯಂ ಯೋಜನೆಯಾದ ಮಾನಸಿಕ ಆರೋಗ್ಯ, ಮತ್ತು ಅಧ್ಯಕ್ಷೆಯ ಯೋಜನೆ (ಇದು ಬದಲಾಗುತ್ತಿರುತ್ತದೆ). ಇದರಿಂದ ಏನಾಗುತ್ತದೆ ಎಂದರೆ, ಎಲ್ಲರೂ ಸುಲಭವಾದ ನಾಯಿ-ಬೆಕ್ಕಿನ ಆಶ್ರಯಕ್ಕೇ ಹೋಗಿ ಗಂಟೆ ತುಂಬಿಸಿಕೊಳ್ಳಲು ಆಗುವುದಿಲ್ಲ. (ನಾಯಿಮರಿ ಇರುವ ಕಡೆ ಹೆಸರು ಬರೆಸಲು ನೂಕುನುಗ್ಗಲು, ವೃದ್ಧಾಶ್ರಮಕ್ಕೆ ಮೂವರು. ಇದು ಎಲ್ಲ ಶಾಖೆಯ ಕಥೆ.)

ಇನ್ನೊಂದು: ಇವು "ಹೆಂಗಸರಿಗೆ ಮಾತ್ರ" ಎಂಬುದು ಕಾನೂನಿನ ಮಟ್ಟಿಗೆ ಸರಳವಲ್ಲ. ಲಿಂಗಭೇದ ತಡೆಯುವ 1972ರ ಟೈಟಲ್ ನೈನ್‌ಗೆ 1974ರಲ್ಲಿ ಕೊಟ್ಟ ವಿನಾಯಿತಿ ಸೋಶಿಯಲ್ ಸೊರೊರಿಟಿಗಳಿಗೆ ಮಾತ್ರ. 1925ರಲ್ಲಿ ಪೆನ್ಸಿಲ್ವೇನಿಯಾದ ಲಫಾಯೆಟ್ ಕಾಲೇಜಿನಲ್ಲಿ ಸ್ಕೌಟ್ ಆದರ್ಶದ ಮೇಲೆ ಹುಟ್ಟಿದ ಆಲ್ಫಾ ಫೈ ಒಮೇಗಾ ಎಂಬ ಗಂಡಸರ ಸೇವಾಸಂಘ 1976ರಲ್ಲಿ ಹೆಂಗಸರಿಗೂ ಬಾಗಿಲು ತೆರೆಯಿತು. ಆದ್ದರಿಂದ ಸದಸ್ಯತ್ವದ ನಿಯಮ ಏನು ಎಂದು ಆಯಾ ಶಾಖೆಯಲ್ಲೇ ಕೇಳಿ.

ತುಂಗೆಯತಡಿ
ಸೇರುವ ಮೊದಲು ಕೇಳಬೇಕಾದ್ದು. ಮುಜುಗರ ಬೇಡ, ನೆಟ್ಟಗಿರುವ ಶಾಖೆ ಎಲ್ಲಕ್ಕೂ ಉತ್ತರ ಕೊಡುತ್ತದೆ.

ಹಣದ ವಿಷಯ: ಮೊದಲ ಸೆಮಿಸ್ಟರಿಗೆ ಒಟ್ಟು ಎಷ್ಟು, ಆಮೇಲೆ ಪ್ರತಿ ಸೆಮಿಸ್ಟರಿಗೆ ಎಷ್ಟು ಎಂದು ಬರಹದಲ್ಲಿ ಕೇಳಿ. ಮೊದಲ ಸಲ ರಾಷ್ಟ್ರೀಯ ಶುಲ್ಕ, ದೀಕ್ಷೆಯ ಶುಲ್ಕ, ಬ್ಯಾಡ್ಜು, ಶಾಖೆಯ ಚಂದಾ ನಾಲ್ಕೂ ಸೇರುತ್ತವೆ. ಬಾಯಲ್ಲಿ ಹೇಳುವಾಗ ಕೊನೆಯದನ್ನು ಮಾತ್ರ ಹೇಳುವ ಚಾಳಿ ಇದೆ. ಅಂಗಿ, ಬಿಗ್-ಲಿಟಲ್ ಉಡುಗೊರೆ, ರಿಟ್ರೀಟ್ ಪ್ರಯಾಣ ಪಟ್ಟಿಯಲ್ಲಿ ಇರುವುದೇ ಇಲ್ಲ. ಬಿಗ್ ಎಂದರೆ ಹೊಸಬಳಿಗೆ ಗೊತ್ತುಮಾಡಿಕೊಡುವ ಅಕ್ಕ, ಲಿಟಲ್ ಎಂದರೆ ಆ ತಂಗಿ. ಉಡುಗೊರೆಗೆ ಮಿತಿ ಹಾಕಿದ್ದಾರೆಯೇ ಎಂದು ಕೇಳಿ. ಕಂತಿನಲ್ಲಿ ಕಟ್ಟಬಹುದೇ, ಮಧ್ಯದಲ್ಲಿ ಬಿಟ್ಟರೆ ಬಾಕಿ ಏನಾಗುತ್ತದೆ ಎಂಬುದನ್ನೂ.

ಗಂಟೆ ತಪ್ಪಿದರೆ ದಂಡವೋ, ಮುಂದಿನ ಸೆಮಿಸ್ಟರಿಗೆ ಸೇರಿಸುತ್ತಾರೋ, ಪ್ರೊಬೇಶನ್ನೋ? ಪರೀಕ್ಷೆಯ ಹೊರೆ ಬಿದ್ದಾಗ ರಜೆಯ ಸ್ಥಾನಮಾನ ಇದೆಯೇ? ಪ್ರಯೋಗಾಲಯದ ಕೋರ್ಸು ಇರುವವರು ಇದನ್ನು ಕೇಳದೆ ಸೇರಬಾರದು.

ಕೊನೆಯದಾಗಿ ಹೇಜಿಂಗ್, ಅಂದರೆ ನಮ್ಮ ರ‍್ಯಾಗಿಂಗಿನ ಆ ದೇಶದ ರೂಪ. ಸೇವಾಸಂಘ ಅಂದ ಮಾತ್ರಕ್ಕೆ ಇರುವುದಿಲ್ಲ ಎಂದಲ್ಲ. ಹೊಸಬರಿಗೆ ಮಾತ್ರ ಕೊಡುವ ಕೆಲಸ, ನಿದ್ದೆಗೆಡಿಸುವ "ಪಾಠ", ಹಳಬರ ಬಟ್ಟೆ ಒಗೆಸುವುದು, ಗುಟ್ಟಾಗಿಡು ಎನ್ನುವುದು, ಇವೆಲ್ಲ ಅದೇ. 2024ರ ಡಿಸೆಂಬರ್ 23ರಂದು ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆಕ್ಟ್ ಸಹಿಯಾಗಿ ಕಾಯಿದೆಯಾಗಿದೆ. ಅದರಂತೆ ಯಾವ ಸಂಘ ನಿಯಮ ಮುರಿಯಿತು ಎಂಬ ವರದಿಯನ್ನು ಕಾಲೇಜು ತನ್ನ ಜಾಲತಾಣದಲ್ಲಿ ಹಾಕಬೇಕು. ಜಾತ್ರೆಗೆ ಹೋಗುವ ಹಿಂದಿನ ರಾತ್ರಿ ಕಾಲೇಜಿನ ಹೆಸರಿನ ಜೊತೆ "ಹೇಜಿಂಗ್ ಟ್ರಾನ್ಸ್‌ಪರೆನ್ಸಿ ರಿಪೋರ್ಟ್" ಎಂದು ಹುಡುಕಿ, ಐದು ನಿಮಿಷದ ಕೆಲಸ. ಆದರೆ ವರದಿಯಲ್ಲಿ ಹೆಸರಿಲ್ಲ ಎಂದರೆ ದೂರು ಸಾಬೀತಾಗಿಲ್ಲ ಎಂದಷ್ಟೇ.

ವೀಸಾವಿಚಾರ
ಎಫ್-1 ಪ್ರಶ್ನೆಗೆ ಉತ್ತರ ಹೌದು-ಇಲ್ಲದಲ್ಲಿ ಮುಗಿಯುವುದಿಲ್ಲ. ಸದಸ್ಯೆಯಾಗಲು ಅಡ್ಡಿಯಿಲ್ಲ. ಧರ್ಮಾರ್ಥ ಸಂಸ್ಥೆಗೆ, ಸಾಮಾನ್ಯವಾಗಿ ಯಾರೂ ಸಂಬಳ ಪಡೆಯದ ಕೆಲಸವನ್ನು, ಏನೂ ಪ್ರತಿಫಲ ಇಲ್ಲದೆ ಮಾಡಿದರೆ ಅದು ಸ್ವಯಂಸೇವೆ. ಫುಡ್ ಬ್ಯಾಂಕಿನಲ್ಲಿ ಡಬ್ಬಿ ಬೇರ್ಪಡಿಸುವುದು, ನದಿ ದಂಡೆ ಸ್ವಚ್ಛಮಾಡುವುದು, ಮಕ್ಕಳಿಗೆ ಓದಿಸುವುದು, ಇವೆಲ್ಲ ಸರಿ. ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು "ನಾನು ಪುಕ್ಕಟೆ ಮಾಡುತ್ತೇನೆ" ಎಂದರೆ ಅದು ಅನುಮತಿಯಿಲ್ಲದ ಉದ್ಯೋಗ ಎನಿಸಿಕೊಳ್ಳಬಹುದು.

ಸಿಕ್ಕಿಹಾಕಿಕೊಳ್ಳುವುದು ಎಲ್ಲಿ ಗೊತ್ತೇ? ಫಂಡ್‌ರೈಸಿಂಗ್‌ನಲ್ಲಿ. ಆಟದ ಮೈದಾನದ ತಿಂಡಿ ಅಂಗಡಿಯಲ್ಲಿ ಸಂಘದವರು ಒಂದು ಪಂದ್ಯದ ಹೊತ್ತು ನಿಲ್ಲುತ್ತಾರೆ, ಗುತ್ತಿಗೆದಾರ ಮಾರಾಟದ ಒಂದು ಪಾಲನ್ನು ಸಂಘಕ್ಕೆ ಕೊಡುತ್ತಾನೆ. ಹಣ ನಿಮ್ಮ ಕೈಗೆ ಬರುವುದಿಲ್ಲ ನಿಜ, ಆದರೆ ಲಾಭದ ಕಂಪನಿಗೆ ದುಡಿದಂತೆ ಆಗುತ್ತದೆ. ಇಂಥದ್ದಕ್ಕೆ ಹೆಸರು ಬರೆಸುವ ಮೊದಲು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿಯಾದ ಡಿಎಸ್‌ಒಗೆ ಇಮೇಲ್ ಹಾಕಿ, ಉತ್ತರವನ್ನು ಉಳಿಸಿಕೊಳ್ಳಿ. "ಕಳೆದ ವರ್ಷ ಎಲ್ಲರೂ ಮಾಡಿದ್ದರು" ಎಂಬುದು ವೀಸಾ ಅಧಿಕಾರಿಗೆ ಉತ್ತರವಲ್ಲ. ಗಿಫ್ಟ್ ಕಾರ್ಡು ಕೊಟ್ಟರೂ ಪ್ರತಿಫಲವೇ, ಬೇಡ ಎನ್ನಿ. ಸ್ವಯಂಸೇವಕರೆಲ್ಲರಿಗೂ ಕೊಡುವ ಟೀಶರ್ಟು, ಪಿಜ್ಜಾಗೆ ತಲೆಕೆಡಿಸಿಕೊಳ್ಳಬೇಡಿ.

ಧಾರವಾಡಪೇಡೆ
ಇಷ್ಟೆಲ್ಲ ಹೇಳಿದ್ರಿ, ಕೆಲಸದ ಮಾತ ಬರಲಿಲ್ಲಲ್ರೀ. ಒಂದ ಕಿಟ್ ಪ್ಯಾಕಿಂಗ್ ಹೆಂಗ ಮಾಡ್ತಾರ, ಅದನ್ನರ ಬಿಡಿಸಿ ಹೇಳ್ರಿ.

ಡಬ್ಬಿಮೂಟೆ
ಹೇಳ್ತೇನೆ ಪೇಡೆಯವರೇ. ನಿರಾಶ್ರಿತರ ತಂಗುದಾಣಕ್ಕೆ 100 ಸ್ವಚ್ಛತಾ ಕಿಟ್, 12 ಜನ, ಒಂದೂವರೆ ಗಂಟೆ, ಇದನ್ನು ಲೆಕ್ಕವಾಗಿ ಇಟ್ಟುಕೊಳ್ಳಿ.

ಕೊಳ್ಳುವ ಮೊದಲು ತಂಗುದಾಣಕ್ಕೆ ಫೋನು ಮಾಡಿ. ಇದನ್ನು ಬಿಟ್ಟವರೇ ಹೆಚ್ಚು. ಅವರ ಕಪಾಟಿನಲ್ಲಿ ಟೂತ್‌ಬ್ರಷ್ ರಾಶಿ ಬಿದ್ದಿರುತ್ತದೆ, ಬೇಕಾದ್ದು ಕಾಲುಚೀಲ ಮತ್ತು ಪ್ಯಾಡು. ರೇಜರು, ಆಲ್ಕೊಹಾಲ್ ಇರುವ ಮೌತ್‌ವಾಶು ಹಲವು ಕಡೆ ಒಳಗೇ ಬಿಡುವುದಿಲ್ಲ. ಯಾವ ದಿನ, ಯಾವ ಬಾಗಿಲಿಗೆ, ಯಾರ ಕೈಗೆ ಕೊಡಬೇಕು ಎಂಬುದನ್ನೂ ಅದೇ ಫೋನಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಎಂಟು ವಸ್ತು ಎಂದಿಟ್ಟುಕೊಳ್ಳಿ: ಸೋಪು, ಬ್ರಷ್, ಪೇಸ್ಟು, ಶಾಂಪೂ, ಬಾಚಣಿಗೆ, ಡಿಯೋಡರೆಂಟು, ಒದ್ದೆ ಟಿಶ್ಯೂ, ಕಾಲುಚೀಲ. ಪ್ರತಿಯೊಂದೂ 105 ತನ್ನಿ, ನೂರೇ ತಂದರೆ ಒಡೆದ ಒಂದು ಶಾಂಪೂ ಬಾಟಲಿ ಇಡೀ ಸಾಲನ್ನು ನಿಲ್ಲಿಸುತ್ತದೆ. ಒಂದು ಗ್ಯಾಲನ್ ಅಳತೆಯ ಜಿಪ್ ಚೀಲ ಸರಿಹೋಗುತ್ತದೆ. ಅರ್ಧ ಗ್ಯಾಲನ್ ಚೀಲಕ್ಕೆ ಕಾಲುಚೀಲ ಹಾಕಿದ ಮೇಲೆ ಜಿಪ್ಪು ಮುಚ್ಚುವುದಿಲ್ಲ.

ತಿಂಡಿಯನ್ನು ಸೋಪಿನ ಜೊತೆ ಒಂದೇ ಚೀಲಕ್ಕೆ ಹಾಕಲೇಬಾರದು. ಎರಡು ದಿನದಲ್ಲಿ ಗ್ರನೋಲಾ ಬಾರು ಸೋಪಿನ ವಾಸನೆ ಹೊಡೆಯುತ್ತದೆ, ಬಾಯಿಗಿಡಲು ಆಗುವುದಿಲ್ಲ. ತಿಂಡಿ ಕೊಡಬೇಕಿದ್ದರೆ ಬೇರೆ ಚೀಲ, ಬೇರೆ ಪೆಟ್ಟಿಗೆ. ಶಾಂಪೂ ಮುಚ್ಚಳಕ್ಕೆ ಒಂದು ಸುತ್ತು ಟೇಪು.

ಜನರ ಹಂಚಿಕೆ: ವಸ್ತುವಿಗೆ ಒಬ್ಬರಂತೆ ಎಂಟು, ಸರಕು ತುಂಬಿಕೊಡಲು ಇಬ್ಬರು, ತಪಾಸಣೆಗೆ ಒಬ್ಬರು, ಮುಚ್ಚಿ ಪೆಟ್ಟಿಗೆಗೆ ಇಡಲು ಒಬ್ಬರು. ಚೀಲ ಮೇಜಿನ ಮೇಲೆ ಸಾಗಬೇಕು, ಜನ ಸಾಗಬಾರದು. ಪ್ರತಿಯೊಬ್ಬರೂ ಚೀಲ ಹಿಡಿದು ಎಂಟು ಕಡೆ ಓಡಾಡಿದರೆ ಮದುವೆ ಊಟದ ಬಫೆ ಸಾಲಿನಂತೆ ಆಗುತ್ತದೆ.

ಈಗ ಮುಖ್ಯ ಸಂಗತಿ. 100ನ್ನು ಒಂದೇ ಉಸಿರಿಗೆ ಕಟ್ಟಬೇಡಿ, 20ರ ಐದು ಸರದಿ ಮಾಡಿ. ಪ್ರತಿ ಸರದಿಗೆ ಪ್ರತಿ ವಸ್ತುವನ್ನೂ ಸರಿಯಾಗಿ 20 ಎಣಿಸಿ ಕೊಡಿ. ಸರದಿ ಮುಗಿದಾಗ ಯಾರ ಮುಂದಾದರೂ ಒಂದು ಬ್ರಷ್ ಉಳಿದಿದ್ದರೆ, ಆ 20ರಲ್ಲಿ ಒಂದು ಚೀಲಕ್ಕೆ ಬ್ರಷ್ ಬಿದ್ದಿಲ್ಲ. 20 ಚೀಲ ತಡಕಿದರೆ ಸಾಕು. ಕೊನೆಗೆ ಗೊತ್ತಾದರೆ ನೂರನ್ನೂ ಬಿಚ್ಚಬೇಕು, ಆಗ ಯಾರೂ ಬಿಚ್ಚುವುದಿಲ್ಲ, "ಹೋಗಲಿ ಬಿಡು" ಎನ್ನುತ್ತಾರೆ. 20 ಕಿಟ್ಟಿಗೆ ಒಂದು ಪೆಟ್ಟಿಗೆ, ಮೇಲೆ ಸಂಖ್ಯೆ ಮತ್ತು ಒಳಗಿನ ವಸ್ತುಗಳ ಪಟ್ಟಿ.

ಎನ್ನೆಸ್ಸೆಸ್_ಬ್ಯಾಡ್ಜು
ಚೆನ್ನಾಗಿದೆ. ಗಂಟೆ ಬರೆಯುವ ವಿಷಯ ಸೇರಿಸುತ್ತೇನೆ. ಹಾಜರಿ ಹಾಳೆಯಲ್ಲಿ ಬಂದ ವೇಳೆ, ಹೋದ ವೇಳೆ ಎರಡೂ ಇರಬೇಕು. "2 ಗಂಟೆ" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಕಾಲು ಗಂಟೆಗೆ ಸರಿಮಾಡಿ, ಸ್ಥಳದ ಮೇಲ್ವಿಚಾರಕರ ಸಹಿ ಅಲ್ಲೇ ತೆಗೆದುಕೊಳ್ಳಿ, ಹಾಳೆಯ ಫೋಟೋ ಅದೇ ದಿನ ಗುಂಪಿಗೆ ಹಾಕಿ. ಸೆಮಿಸ್ಟರ್ ಕೊನೆಗೆ ನೆನಪಿನಿಂದ ತುಂಬಿದ ಗಂಟೆಗಳೇ ಜಗಳದ ಮೂಲ.

ಧಾರವಾಡಪೇಡೆ
ಹಣ ಎತ್ತೂ ಕೆಲಸಕ್ಕ ಗಂಟೆ ಕೊಡಬೇಕೋ ಬ್ಯಾಡೋ? ನನ್ನ ಕೇಳಿದ್ರ ಕೊಡಬೇಕ್ರೀ. ಬಿಸಲಾಗ ನಾಲ್ಕ ತಾಸ ಕಾರ ತೊಳದಾಕಿ ಏನ್ ಸುಮ್ನ ಕುಂತಿದ್ಲೇನ?

ಹಳೇಬೇರು
ದುಡಿಮೆ ದುಡಿಮೆಯೇ, ಒಪ್ಪಿದೆ. ಆದರೆ ಪೂರ್ತಿ ಗಂಟೆ ಕೊಟ್ಟರೆ ಒಂದೇ ವರ್ಷದಲ್ಲಿ ಸರ್ವೀಸ್ ಸೊರೊರಿಟಿ ಹೋಗಿ ಕಾರ್ ವಾಶ್ ಸೊರೊರಿಟಿ ಆಗುತ್ತದೆ, ಯಾಕೆಂದರೆ ಕ್ಯಾಂಪಸ್ಸಿನಲ್ಲೇ ಗೆಳತಿಯರ ಜೊತೆ ನಿಲ್ಲುವುದು ಬಸ್ಸು ಹಿಡಿದು ವೃದ್ಧಾಶ್ರಮಕ್ಕೆ ಹೋಗುವುದಕ್ಕಿಂತ ಹಗುರ. ಮಧ್ಯದ ದಾರಿ: ಹಣ ಸಂಘದ ಖಜಾನೆಗೆ ಹೋಗುವುದಾದರೆ ಗಂಟೆ ಇಲ್ಲ. ಹೊರಗಿನ ಸಂಸ್ಥೆಗೆ ಹೋಗುವುದಾದರೆ ಗಂಟೆ ಇದೆ, ಆದರೆ ಒಟ್ಟು ಗುರಿಯ ಕಾಲುಭಾಗ ಮೀರಬಾರದು. ಬೈಲಾದಲ್ಲಿ ಬರೆದುಬಿಡಿ, ಪ್ರತಿ ಸಲ ವಾದ ಮಾಡಬೇಕಾಗಿಲ್ಲ. ಪ್ರಯಾಣಕ್ಕೆ ಗಂಟೆ ಬೇಡ, ದೂರದ ಕೆಲಸಕ್ಕೆ ಹೋದವರಿಗೆ ಅನ್ಯಾಯ ಎನಿಸಿದರೆ ಪೆಟ್ರೋಲಿಗೆ ಹಣ ಕೊಡಿ.

ಕೆಂಪುಹನಿ
ರಕ್ತದಾನ ಶಿಬಿರ ಇವರ ಖಾಯಂ ಕಾರ್ಯಕ್ರಮ, ಇಲ್ಲಿಂದ ಹೋದವರು ಮೊದಲು ಎಡವುವುದೂ ಅಲ್ಲೇ. ಅಮೆರಿಕನ್ ರೆಡ್‌ಕ್ರಾಸ್ ನಿಯಮದಲ್ಲಿ ತೂಕ ಕನಿಷ್ಠ 110 ಪೌಂಡ್, ಸುಮಾರು 50 ಕೆಜಿ. ಹೆಂಗಸರಿಗೆ ಹಿಮೋಗ್ಲೋಬಿನ್ 12.5. ಎರಡು ದಾನಗಳ ನಡುವೆ 56 ದಿನ. 18 ತುಂಬಿ 19 ಆಗದವರಿಗೆ ಎತ್ತರ-ತೂಕದ ಕೋಷ್ಟಕ ಬೇರೆ ಇದೆ, 110 ಇದ್ದರೂ ಗಿಡ್ಡ ಇರುವವರನ್ನು ವಾಪಸ್ ಕಳಿಸಬಹುದು. ಭಾರತದಲ್ಲಿ ತೂಕ 45 ಕೆಜಿ, ಹೆಂಗಸರಿಗೆ ಅಂತರ 120 ದಿನ. ಆದ್ದರಿಂದ "ಊರಲ್ಲಿ ಕೊಟ್ಟಿದ್ದೆ, ಇಲ್ಲಿ ಬೇಡ ಅಂದರು" ಎಂಬುದು ತೀರಾ ಮಾಮೂಲು.

ಅದಕ್ಕಿಂತ ದೊಡ್ಡ ತಡೆ ಮಲೇರಿಯಾ. ಮಲೇರಿಯಾ ಇರುವ ದೇಶದಲ್ಲಿ ಐದು ವರ್ಷಕ್ಕಿಂತ ಹೆಚ್ಚು ವಾಸವಿದ್ದು ಬಂದವರು ಮೂರು ವರ್ಷ ಕಾಯಬೇಕು. ಆ ಮೂರು ವರ್ಷದೊಳಗೆ ಅಂಥ ಪ್ರದೇಶಕ್ಕೆ ರಜೆಗೆಂದು ಹೋಗಿಬಂದರೆ ಲೆಕ್ಕ ಮತ್ತೆ ಮೊದಲಿನಿಂದ. ಅಂದರೆ ಪದವಿಗೆಂದು ಹೋದ ಹುಡುಗಿ ಪ್ರತಿ ಬೇಸಿಗೆಗೆ ಊರಿಗೆ ಬರುತ್ತಿದ್ದರೆ ಓದು ಮುಗಿಯುವವರೆಗೂ ದಾನಿಯಾಗುವುದು ಕಷ್ಟ. ಅಲ್ಲೇ ಹುಟ್ಟಿಬೆಳೆದು ಅಜ್ಜಿ ಮನೆಗೆ ಬಂದುಹೋದವರಿಗೆ, ಬಂದುಹೋದ ಪ್ರದೇಶ ಮಲೇರಿಯಾ ಪಟ್ಟಿಯಲ್ಲಿದ್ದರೆ, ಮೂರು ತಿಂಗಳು. ಶಿಬಿರದ ದಿನ ಕ್ಯೂನಲ್ಲಿ ನಿಂತು ಮುಖ ಸಣ್ಣ ಮಾಡಿಕೊಳ್ಳುವುದಕ್ಕಿಂತ ಮೊದಲೇ ರೆಡ್‌ಕ್ರಾಸ್‌ಗೆ ಫೋನಿನಲ್ಲಿ ಕೇಳಿ.

ದಾನಿಯಾಗದವರಿಗೆ ಕೆಲಸ ಇಲ್ಲ ಎಂದಲ್ಲ, ಅವರೇ ಶಿಬಿರದ ಬೆನ್ನೆಲುಬು. ಹೆಸರು ಬರೆಸಿದವರಿಗೆ ಹಿಂದಿನ ಸಂಜೆ ಸಂದೇಶ: "ನೀರು ಕುಡಿ, ಊಟ ಮಾಡಿ ಬಾ, ಐಡಿ ತಾ." ಹೆಸರು ಬರೆಸಿದವರೆಲ್ಲ ಬರುವುದಿಲ್ಲ, ಬಂದವರಲ್ಲೂ ಕೆಲವರ ಹಿಮೋಗ್ಲೋಬಿನ್ ಸಾಲದು. ಅದಕ್ಕೆ ಗುರಿಗಿಂತ ಧಾರಾಳವಾಗಿ ಹೆಚ್ಚು ಹೆಸರು ಹಿಡಿದಿರಬೇಕು. ರಕ್ತ ಕೊಟ್ಟ ಮೇಲೆ ತಿಂಡಿ ಮೇಜಿನಲ್ಲಿ 15 ನಿಮಿಷ ಕೂರಿಸುವವಳು ಗಟ್ಟಿಗಿತ್ತಿಯಾಗಿರಬೇಕು. ತರಗತಿಗೆ ತಡವಾಯಿತೆಂದು ಎದ್ದು ಓಡುವವರೇ ಮೆಟ್ಟಿಲ ಮೇಲೆ ತಲೆಸುತ್ತಿ ಬೀಳುವುದು.

ತುಂಗೆಯತಡಿ
ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಒಂದು ಮಾತು. ಶಾಲೆಯವರು ಹಿನ್ನೆಲೆ ತಪಾಸಣೆ ಕೇಳುತ್ತಾರೆ, ಅದು ಬರಲು ವಾರಗಟ್ಟಲೆ ಹಿಡಿಯಬಹುದು. ಸೆಪ್ಟೆಂಬರಿನಲ್ಲಿ ಅರ್ಜಿ ಹಾಕದಿದ್ದರೆ ಆ ಸೆಮಿಸ್ಟರ್ ಕೈತಪ್ಪಿತು ಎಂದೇ ಲೆಕ್ಕ. ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ಫೋಟೋ ತೆಗೆದು ಇನ್‌ಸ್ಟಾಗೆ ಹಾಕಬಾರದು. ಮಗುವಿಗೆ ಇವಳ ಮುಖ ಅಭ್ಯಾಸವಾಗುವುದಕ್ಕೇ ಮೂರು ವಾರ ಬೇಕು. ವಾರಕ್ಕೊಬ್ಬಳಂತೆ ಸರದಿ ಹಾಕುವ ಶಾಖೆಗೆ ಗಂಟೆ ಸಿಗುತ್ತದೆ, ಮಗುವಿಗೆ ಏನೂ ಸಿಗುವುದಿಲ್ಲ.

ಡಬ್ಬಿಮೂಟೆ
ಆಹಾರ ಸಂಗ್ರಹದ ಬಗ್ಗೆ ಇಷ್ಟು. ಎಲ್ಲರೂ ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಮಾಡುತ್ತಾರೆ, ಆಗ ಫುಡ್ ಬ್ಯಾಂಕು ತುಂಬಿರುತ್ತದೆ. ಒಳ್ಳೆಯ ಕಾಲ ಮೇ ತಿಂಗಳು, ಹಾಸ್ಟೆಲ್ ಖಾಲಿಮಾಡುವ ವಾರ. ಬಿಚ್ಚದ ನೂಡಲ್ಸ್, ಪೀನಟ್ ಬಟರ್, ಅಕ್ಕಿ, ಡಿಟರ್ಜೆಂಟ್ ರಾಶಿಗಟ್ಟಲೆ ಕಸಕ್ಕೆ ಹೋಗುತ್ತದೆ. ಪ್ರತಿ ಹಾಸ್ಟೆಲಿನ ಕೆಳಮಹಡಿಯಲ್ಲಿ, ಕಸದ ಡಬ್ಬಿಗೆ ಹೋಗುವ ದಾರಿಯಲ್ಲೇ ಪೆಟ್ಟಿಗೆ ಇಡಿ. ಕಚೇರಿಯ ಒಳಗಿಟ್ಟರೆ ಯಾರೂ ತಿರುಗಿ ನೋಡರು. ದಿನಕ್ಕೆ ಎರಡು ಸಲ ಖಾಲಿ ಮಾಡಬೇಕು, ತುಂಬಿದ ಪೆಟ್ಟಿಗೆ ಸಂಜೆಯ ಹೊತ್ತಿಗೆ ಕಸದ ತೊಟ್ಟಿಯಾಗುತ್ತದೆ.

ಬಾಳೆಹಣ್ಣಿನ ಪೆಟ್ಟಿಗೆ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತದೆ, ಗಟ್ಟಿ, ಹಿಡಿಕೆ ಇದೆ. ಆದರೆ ತಳದಲ್ಲಿ ತೂತು ಇರುತ್ತದೆ, ರಟ್ಟು ಹಾಕಿ. ಪೆಟ್ಟಿಗೆಯ ತುಂಬ ಡಬ್ಬಿಗಳನ್ನೇ ಇಟ್ಟರೆ ಒಬ್ಬರಿಗೆ ಎತ್ತಲಾಗದು, ಅರ್ಧದವರೆಗೆ ಡಬ್ಬಿ, ಮೇಲೆ ಹಗುರ ಪ್ಯಾಕೆಟ್. ಅಂಚಿನ ಹೊಲಿಗೆಯ ಮೇಲೆ ನುಗ್ಗಾದ ಡಬ್ಬಿ, ಉಬ್ಬಿದ್ದು, ತುಕ್ಕು ಹಿಡಿದದ್ದು, ಮನೆಯಲ್ಲಿ ಮಾಡಿದ್ದು, ಗಾಜಿನ ಬಾಟಲಿ ಬೇಡ. ಒಳ್ಳೆಯ ಮನಸ್ಸಿನಿಂದ ಕೊಟ್ಟವರ ಮೇಲೆ ಮೊಕದ್ದಮೆ ಬೀಳದಂತೆ 1996ರ ಬಿಲ್ ಎಮರ್ಸನ್ ಕಾಯಿದೆ ರಕ್ಷಣೆ ಕೊಡುತ್ತದೆ. ಕಾಲೇಜಿನ ವಕೀಲರ ಕಚೇರಿ ಹೆದರಿಸಿದರೆ ಅದರ ಹೆಸರು ಹೇಳಿ. ಬಳಸಿದ ದಿಂಬು ಮಾತ್ರ ಯಾರೂ ತೆಗೆದುಕೊಳ್ಳುವುದಿಲ್ಲ.

ಲೆಕ್ಕಪುಸ್ತಕ
ಖಜಾಂಚಿಯ ಮಾತು ಯಾರೂ ಎತ್ತಲಿಲ್ಲ, ಶಾಖೆಗಳು ಮುಚ್ಚುವುದು ಅಲ್ಲಿಂದಲೇ.

ಉದಾಹರಣೆಗೆ 30 ಸದಸ್ಯೆಯರು, ತಲೆಗೆ 70 ಡಾಲರ್, ಒಟ್ಟು 2,100. ಅದರಲ್ಲಿ ತಲೆಗೆ 40 ರಾಷ್ಟ್ರೀಯ ಕಚೇರಿಗೆ ಹೋಗಬೇಕಾದ್ದು ಎಂದಿಟ್ಟುಕೊಳ್ಳಿ. ನಿಮ್ಮ ಕೈಲಿರುವುದು 900 ಮಾತ್ರ. ಖಾತೆಯಲ್ಲಿ 2,100 ಕಂಡು ರಿಟ್ರೀಟಿಗೆ ಖರ್ಚುಮಾಡಿ, ರಾಷ್ಟ್ರೀಯ ಬಿಲ್ ಬಂದಾಗ ಕೈಚೆಲ್ಲುವುದು ಮೊದಲ ವರ್ಷದ ಖಜಾಂಚಿಯ ಖಾಯಂ ತಪ್ಪು. ಹಾದುಹೋಗುವ ಹಣವನ್ನು ಲೆಕ್ಕದಲ್ಲಿ ಬೇರೆ ಕಾಲಮ್ಮಿನಲ್ಲಿ ಬರೆಯಿರಿ.

ಬ್ಯಾಂಕ್ ಖಾತೆಗೆ ಇಐಎನ್ ಎಂಬ ತೆರಿಗೆ ಸಂಖ್ಯೆ ಬೇಕು. ಸ್ವಂತ ಸೋಶಿಯಲ್ ಸೆಕ್ಯೂರಿಟಿ ಸಂಖ್ಯೆಯ ಮೇಲೆ ಖಾತೆ ತೆರೆಯಬೇಡಿ, ಹಣ ಕಳಿಸುವ ಆ್ಯಪ್ ಆದ ವೆನ್ಮೋದ ಸ್ವಂತ ಖಾತೆಗೆ ಚಂದಾ ಹಾಕಿಸಿಕೊಳ್ಳಬೇಡಿ. ವರ್ಷದ ಒಟ್ಟು ಜಮೆ ಸಾಮಾನ್ಯವಾಗಿ 50,000 ಡಾಲರಿನೊಳಗಿದ್ದರೆ ತೆರಿಗೆ ಇಲಾಖೆಗೆ 990-ಎನ್ ಎಂಬ ಪುಟ್ಟ ಇ-ಕಾರ್ಡು ಸಾಕು. ಹಣಕಾಸು ವರ್ಷ ಮುಗಿದ ಐದನೇ ತಿಂಗಳ 15ಕ್ಕೆ ಗಡುವು, ಜೂನ್ 30ಕ್ಕೆ ವರ್ಷ ಮುಗಿದರೆ ನವೆಂಬರ್ 15. ಹತ್ತು ನಿಮಿಷದ ಕೆಲಸ. ಸತತ ಮೂರು ವರ್ಷ ಬಿಟ್ಟರೆ ತೆರಿಗೆ ವಿನಾಯಿತಿ ತಾನಾಗಿ ರದ್ದಾಗುತ್ತದೆ. ಖಜಾಂಚಿ ವರ್ಷಕ್ಕೊಬ್ಬಳು ಬದಲಾಗುವ ಕಡೆ ಮೂರು ವರ್ಷ ಎಂದರೆ ಮೂವರೂ "ಹಿಂದಿನವಳು ಮಾಡಿರಬೇಕು" ಎಂದುಕೊಂಡದ್ದು.

ಎರಡು ಬಲೆಗಳು. "ನಮಗೆ ಕೊಟ್ಟ ದೇಣಿಗೆಗೆ ತೆರಿಗೆ ಕಳೆಯಬಹುದು" ಎಂದು ಪೋಸ್ಟರಿನಲ್ಲಿ ಬರೆಯುವ ಮೊದಲು ಸಂಸ್ಥೆ 501(ಸಿ)(3), ಅಂದರೆ ತೆರಿಗೆ ಕಾನೂನಿನ ಲೆಕ್ಕದಲ್ಲಿ ಧರ್ಮಾರ್ಥ ಸಂಸ್ಥೆ, ಹೌದೋ ಅಲ್ಲವೋ ನೋಡಿ, ಎಷ್ಟೋ ಸೊರೊರಿಟಿಗಳು ಅಲ್ಲ. ಸಂಶಯವಿದ್ದರೆ ದಾನಿ ನೇರ ತಂಗುದಾಣಕ್ಕೇ ಚೆಕ್ ಬರೆಯಲಿ. ಇನ್ನೊಂದು, ಲಾಟರಿ ಚೀಟಿ. ರ‍್ಯಾಫಲ್ ಎಂದು ಮುದ್ದಾಗಿ ಕರೆದರೂ ಹಲವು ರಾಜ್ಯಗಳಲ್ಲಿ ಅದು ಜೂಜಿನ ಕಾನೂನಿನಡಿ ಬರುತ್ತದೆ, ಪರವಾನಗಿ ಬೇಕು.

ಕೊಡಗಿನಮಳೆ
ದಕ್ಷಿಣ ಏಷ್ಯಾದವರ ಸೊರೊರಿಟಿಗಳೂ ಇವೆಯಲ್ಲ, ಅವು ಯಾವ ಬಗೆ?

ಹಳೇಬೇರು
ಟೆಕ್ಸಾಸಿನಲ್ಲಿ 1998ರಲ್ಲೇ ಎರಡು ಹುಟ್ಟಿದವು, ಆಸ್ಟಿನ್ನಿನಲ್ಲಿ ಕಪ್ಪಾ ಫೈ ಗಾಮಾ, ಹ್ಯೂಸ್ಟನ್ನಿನಲ್ಲಿ ಡೆಲ್ಟಾ ಫೈ ಒಮೇಗಾ. ಸಂಸ್ಕೃತಿ, ಗೆಳೆತನ, ಸೇವೆ ಮೂರನ್ನೂ ಕಟ್ಟಿಕೊಂಡವು. ಯುಗಾದಿ, ದೀಪಾವಳಿಗೆ ಮನೆ ನೆನಪಾಗುವವರಿಗೆ ಆಸರೆ. ಶುದ್ಧ ಸೇವೆಯೇ ಬೇಕೆಂದರೆ ಮೊದಲು ಹೇಳಿದ ಎರಡು.

ಪದಕುತೂಹಲಿ
ಸೇವೆ ಎಂದರೆ ಏನೆಂದು ಕೇಳುವವರಿಗೆ ತೋರಿಸಬೇಕಾದ್ದು ಆಲ್ಫಾ ಕಪ್ಪಾ ಆಲ್ಫಾದ ಮಿಸಿಸಿಪ್ಪಿ ಹೆಲ್ತ್ ಪ್ರಾಜೆಕ್ಟ್. 1934ರಲ್ಲಿ ಹೋಮ್ಸ್ ಕೌಂಟಿಯ ಹಳ್ಳಿ ಶಿಕ್ಷಕಿಯರಿಗೆ ಬೇಸಿಗೆ ತರಬೇತಿ ನಡೆಸಲು ಹೋದವರಿಗೆ, ಪಾಠಕ್ಕಿಂತ ಮೊದಲು ಆರೋಗ್ಯ ಬೇಕಾಗಿದೆ ಎಂದು ಕಂಡಿತು. ಮರುವರ್ಷದಿಂದ 1942ರವರೆಗೆ ಪ್ರತಿ ಬೇಸಿಗೆ ಡಾಕ್ಟರ್ ಡೊರೊಥಿ ಫೆರಿಬಿಯವರ ಮುಂದಾಳತ್ವದಲ್ಲಿ ವೈದ್ಯೆಯರು, ನರ್ಸುಗಳು, ಶಿಕ್ಷಕಿಯರು ಹೋದರು. ಹತ್ತಿತೋಟದ ಮಾಲೀಕರು ಗೇಣಿ ಕೂಲಿಗಳನ್ನು ಚಿಕಿತ್ಸಾಲಯಕ್ಕೆ ಬಿಡಲಿಲ್ಲ. ಸರಿ, ತಾವು ಬಂದಿದ್ದ ಸ್ವಂತ ಕಾರುಗಳಿಗೇ ಔಷಧ, ಉಪಕರಣ ತುಂಬಿಕೊಂಡು ಚಿಕಿತ್ಸಾಲಯವನ್ನೇ ತೋಟಕ್ಕೆ ಒಯ್ದರು. ಸಿಡುಬು, ಡಿಫ್ತೀರಿಯಾ ಚುಚ್ಚುಮದ್ದು, ಹಲ್ಲು, ಆಹಾರದ ತಿಳಿವಳಿಕೆ, ಎಲ್ಲ ಅಲ್ಲೇ.

ಕೊಡಗಿನಮಳೆ
ಇದು ಗೊತ್ತೇ ಇರಲಿಲ್ಲ. ಕೊನೆಯ ಪ್ರಶ್ನೆ: ಮೇ ತಿಂಗಳಲ್ಲಿ ಪದಾಧಿಕಾರಿಗಳು ಬದಲಾದಾಗ ಎಲ್ಲ ಮರೆತುಹೋಗದಂತೆ ಏನು ಮಾಡುತ್ತಾರೆ?

ಲೆಕ್ಕಪುಸ್ತಕ
ಚುನಾವಣೆ ಮಾರ್ಚಿನಲ್ಲೇ ಮುಗಿಸಿ, ಏಪ್ರಿಲ್ ಪೂರ್ತಿ ಹಳಬಳು-ಹೊಸಬಳು ಜೊತೆಯಾಗಿ ಕೆಲಸ ಮಾಡಲಿ. ಬ್ಯಾಂಕಿಗೆ ಇಬ್ಬರೂ ಒಟ್ಟಿಗೆ ಹೋಗಿ ಸಹಿ ಬದಲಿಸಬೇಕು. ಪದವಿ ಮುಗಿಸಿ ಊರು ಬಿಟ್ಟವಳ ಸಹಿಗಾಗಿ ಆಗಸ್ಟಿನಲ್ಲಿ ಅಲೆದರೆ ಹಣ ಖಾತೆಯಲ್ಲೇ ಕೂತಿರುತ್ತದೆ. ಇಮೇಲ್ ಹುದ್ದೆಯ ಹೆಸರಲ್ಲಿ ಇರಲಿ, ವ್ಯಕ್ತಿಯ ಹೆಸರಲ್ಲಿ ಬೇಡ. ಪಾಸ್‌ವರ್ಡಿನ ಜೊತೆ ಎರಡನೇ ಹಂತದ ಕೋಡು ಯಾರ ಫೋನಿಗೆ ಬರುತ್ತದೆ ಎಂಬುದನ್ನೂ ಬದಲಿಸಿ. ಇದನ್ನು ಮರೆಯುವವರೇ ಎಲ್ಲ.

ತುಂಗೆಯತಡಿ
ಕೆಲಸದ ಕಡೆಯಿಂದ: ಪ್ರತಿ ಸಂಸ್ಥೆಗೂ ಒಂದು ಪುಟ. ಯಾರನ್ನು ಕೇಳಬೇಕು, ಒಂದು ಸಲಕ್ಕೆ ಎಷ್ಟು ಜನ ಬೇಕು, ಗಾಡಿ ಎಲ್ಲಿ ನಿಲ್ಲಿಸಬೇಕು, ಯಾವ ಚಪ್ಪಲಿ ಬೇಡ, ಕಳೆದ ಸಲ ಏನು ತಪ್ಪಾಯಿತು. ಕೊನೆಯ ಸಾಲು ಖಾಲಿ ಬಿಟ್ಟಿದ್ದರೆ ಆ ಪುಟವನ್ನು ನಂಬಬೇಡಿ.

ಧಾರವಾಡಪೇಡೆ
ಡಬ್ಬಿಮೂಟೆ ಅವರ, ಕಿಟ್‌ನಾಗ ಕಾಲುಚೀಲ ಅಂದ್ರೆಲ್ಲ, ಯಾವ ಸೈಜ್ ತರಬೇಕ್ರೀ?

ಡಬ್ಬಿಮೂಟೆ
ಗಂಡಸರ ದೊಡ್ಡ ಅಳತೆಯವು ಬಹುಪಾಲು ಎಲ್ಲರಿಗೂ ಆಗುತ್ತವೆ, ಸಣ್ಣವು ಆಗುವುದಿಲ್ಲ. ಕಪ್ಪು ಅಥವಾ ಕಡುಬೂದು ತನ್ನಿ, ಒಗೆಯಲು ಅನುಕೂಲವಿಲ್ಲದವರಿಗೆ ಬಿಳಿ ಬೇಡ. ದಪ್ಪನೆಯ ಉಣ್ಣೆ ಮಿಶ್ರಣದ್ದಾದರೆ ಒದ್ದೆಯಾದರೂ ಬೆಚ್ಚಗಿರುತ್ತದೆ, ಹತ್ತಿಯದು ಚಳಿಗಾಲದಲ್ಲಿ ಕಾಲು ಮರಗಟ್ಟಿಸುತ್ತದೆ. ಕಿಟ್ಟಿಗೆ ಒಂದು ಜೊತೆ ಬೇಡ, ಎರಡು ಹಾಕಿ, ಮೇಲೆ ಹೇಳಿದ ಎಣಿಕೆ ಕಾಲುಚೀಲಕ್ಕೆ ಮಾತ್ರ ಇಮ್ಮಡಿ.